ಎರಡು ಕಲ್ಯಾಣಗಳು: ವಾದವನ್ನು ತೂಗುವ ಬಗೆ

ಗಣಿತದ ಪುಸ್ತಕದಲ್ಲಿ ಒಂದು ಪ್ರಮೇಯವು ನಮ್ಮೆದುರಿಗೆ ಬರುವಾಗ ಸರ್ವಾಂಗಗಳೊಡನೆ ಬರುತ್ತದೆ. ದತ್ತವಾವುದು, ಸಾಧಿಸಬೇಕಾದುದಾವುದು, ಯಾವ ಮೆಟ್ಟಿಲಿನಿಂದ ಯಾವ ಮೆಟ್ಟಿಲಿಗೆ ಏರಿದೆವು ಎಂಬುದೆಲ್ಲವೂ ಅಲ್ಲಿ ಕ್ರಮವಾಗಿ ಬರೆದಿರುತ್ತದೆ. ತಪ್ಪಿದ್ದರೆ ಬೆರಳಿಟ್ಟು ತೋರಿಸಬಹುದು. ಆದರೆ ಶಾಲೆಯ ಮಧ್ಯಂತರದ ಬಿಡುವಿನಲ್ಲಿ, ಥಾಣೆಯ ನಿಲ್ದಾಣದ ಸೇತುವೆಯ ಮೇಲೆ, ಡೊಂಬಿವಲಿಯ ಕಟ್ಟಡಗಳ ಮೆಟ್ಟಿಲ ಬಳಿ ನಡೆಯುವ ವಾದಗಳು ಹಾಗೆ ಬರುವುದಿಲ್ಲ. ಅರ್ಧ ಮಾತು ಬಾಯಿಂದ ಹೊರಡುತ್ತದೆ, ಇನ್ನರ್ಧ ಹೊಟ್ಟೆಯಲ್ಲಿಯೇ ಉಳಿಯುತ್ತದೆ. ಧ್ವನಿ ದೊಡ್ಡದಾದವನು ಗೆದ್ದಂತೆ ಕಾಣುತ್ತಾನೆ. ಗಾಡಿ ಬಂದೊಡನೆ ವಾದವು ಅಲ್ಲಿಗೇ ನಿಲ್ಲುತ್ತದೆ. ಯಾರ ಮಾತು ಸರಿ, ಯಾರದು ತಪ್ಪು ಎಂಬುದನ್ನು ನಿರ್ಣಯಿಸುವುದು ಇಂಥಲ್ಲಿ ಬಲು ಕಷ್ಟ. ಆ ಕಷ್ಟದ ಮೂಲವೆಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ಕೊಂಚ ವಿಚಾರಮಾಡೋಣ.

ನಮ್ಮ ಹಿರಿಯರು ಈ ವಿಷಯದಲ್ಲಿ ಎರಡು ಗಾದೆಗಳನ್ನು ಬಿಟ್ಟುಹೋಗಿದ್ದಾರೆ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ’ ಎಂಬುದು ಒಂದು. ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬುದು ಇನ್ನೊಂದು. ಮೊದಲನೆಯವನು ಹೇಳಿದ್ದನ್ನು ತೂಗದೆಯೇ ಒಪ್ಪಿದನು. ಎರಡನೆಯವನು ತೂಗದೆಯೇ ಹಟಹಿಡಿದನು. ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂದು ನಾವು ತಿಳಿಯುತ್ತೇವೆ. ಆದರೆ ಒಬ್ಬನೇ ಮನುಷ್ಯನು ಬೆಳಿಗ್ಗೆ ಎತ್ತನ್ನು ಕಟ್ಟಲು ಓಡಿ, ಸಂಜೆ ಮೊಲದ ಕಾಲನ್ನು ಎಣಿಸಲು ಒಲ್ಲೆನೆಂದು ಕುಳಿತುಕೊಳ್ಳುವುದುಂಟು. ಏಕೆ ಹೀಗಾಗುತ್ತದೆಂಬುದು ಮುಂದೆ ತಿಳಿದುಬರುವುದು.

ಮೊದಲು ಶಾಸ್ತ್ರದ ಕಡೆಗೆ ಸ್ವಲ್ಪ ನೋಡೋಣ. ಕನ್ನಡದ ಮಾತಿನಲ್ಲಿ ಅನುಮಾನವೆಂದರೆ ಸಂಶಯ. ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಕಂಡದ್ದರಿಂದ ಕಾಣದುದನ್ನು ತಿಳಿದುಕೊಳ್ಳುವ ಕ್ರಮ. ಗೌತಮನ ನ್ಯಾಯಸೂತ್ರಗಳು ಇನ್ನೊಬ್ಬರಿಗೆ ಒಪ್ಪಿಸುವ ವಾದಕ್ಕೆ ಐದು ಅವಯವಗಳನ್ನು ಹೇಳುತ್ತವೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುವುದರಿಂದ ಎಂಬುದು ಹೇತು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ ಎಂಬುದು ಉದಾಹರಣೆ. ಈ ಬೆಟ್ಟದಲ್ಲಿಯೂ ಅಂಥ ಹೊಗೆಯಿದೆ ಎಂಬುದು ಉಪನಯ. ಆದುದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ನಿಗಮನ. ಹೊಗೆಗೂ ಬೆಂಕಿಗೂ ಇರುವ ಬಿಡದ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು.

ಮಳೆಗಾಲದಲ್ಲಿ ಥಾಣೆಯಿಂದ ಕಲ್ಯಾಣದ ಕಡೆಗೆ ಗಾಡಿಯಲ್ಲಿ ಹೋಗುವವರು ಪಾರಸಿಕ ಬೆಟ್ಟದ ನೆತ್ತಿಯ ಮೇಲೆ ಬೆಳ್ಳಗೆ ಏನೋ ತೇಲುವುದನ್ನು ಕಂಡಿರಬಹುದು. ಅದನ್ನು ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸಿದರೆ ವ್ಯಾಪ್ತಿಯಲ್ಲಿ ದೋಷವಿಲ್ಲ, ಹೇತುವೇ ಇಲ್ಲ, ಅದು ಮಂಜು. ಇನ್ನು ನಮ್ಮ ಅಡುಗೆಮನೆಯ ಗ್ಯಾಸ್ ಒಲೆಯಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯೆಂಬುದು ದಿಟವಾದರೂ ಬೆಂಕಿಯಿದ್ದಲ್ಲಿ ಹೊಗೆಯೆಂಬುದು ದಿಟವಲ್ಲ. ಹಳೆಯ ನೈಯಾಯಿಕರು ಇದನ್ನು ತೋರಿಸಲು ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಉದಾಹರಿಸುತ್ತಿದ್ದರು. ಗ್ಯಾಸ್ ಒಲೆಯನ್ನು ಕಂಡಿದ್ದರೆ ಅವರಿಗೆ ಸಂತೋಷವಾಗುತ್ತಿತ್ತು.

ಶಾಸ್ತ್ರದಲ್ಲಿ ಐದು ಅವಯವಗಳಿದ್ದರೂ ದಿನನಿತ್ಯದ ಮಾತಿನಲ್ಲಿ ಎರಡೇ ಕೇಳಿಬರುತ್ತವೆ: ‘ಬೆಟ್ಟಕ್ಕೆ ಬೆಂಕಿ ಬಿದ್ದಿದೆ, ಹೊಗೆ ನೋಡು.’ ಮಿಕ್ಕದ್ದನ್ನು ಕೇಳುವವನೇ ತುಂಬಿಕೊಳ್ಳಬೇಕು. ಗ್ರೀಸಿನ ಅರಿಸ್ಟಾಟಲನೂ ಭಾಷಣಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ, ಕೇಳುವವರಿಗೆ ತಿಳಿದಿರುವ ಮಾತನ್ನು ವಾದಿಯು ಬಾಯಿಬಿಟ್ಟು ಹೇಳಬೇಕಾಗಿಲ್ಲವೆಂಬುದನ್ನು ಗಮನಿಸಿದ್ದಾನೆ. ಎಲ್ಲವನ್ನೂ ಹೇಳಹೊರಟರೆ ಮಾತೇ ಮುಗಿಯದು. ಆದುದರಿಂದ ಬಿಟ್ಟುಹೇಳುವುದು ದೋಷವಲ್ಲ. ಆದರೆ ವಾದದ ದುರ್ಬಲವಾದ ಕಂಬವು ಸಾಮಾನ್ಯವಾಗಿ ಹೇಳದೆ ಬಿಟ್ಟ ಕಡೆಯಲ್ಲಿಯೇ ಇರುತ್ತದೆ. ಕಾಣದ ಕಂಬವನ್ನು ಅಲುಗಿಸಿ ನೋಡುವುದು ಹೇಗೆ? ಇದೇ ಮೊದಲನೆಯ ತೊಡಕು.

ನಮ್ಮ ಊರಿನದೇ ಒಂದು ವಾದವನ್ನು ತೆಗೆದುಕೊಳ್ಳೋಣ. ಕಲ್ಯಾಣದಲ್ಲಿ ವಾಸಿಸುವ ಕನ್ನಡದ ಹುಡುಗನೊಬ್ಬನು ತನ್ನ ಗೆಳೆಯನಿಗೆ ಹೀಗೆ ಹೇಳಿದನೆಂದು ಭಾವಿಸೋಣ: “ಬಸವಣ್ಣನವರು ಇದ್ದದ್ದು ಕಲ್ಯಾಣದಲ್ಲಿ. ನಾವಿರುವುದೂ ಕಲ್ಯಾಣದಲ್ಲಿಯೇ. ನೋಡಿದೆಯಾ, ನಮ್ಮ ಊರೇ ಶರಣರ ಊರು! ಎಂದಮೇಲೆ ಈ ನಾಡು ಹಿಂದಿನಿಂದಲೂ ಕನ್ನಡದ್ದೇ.” ಪಾಠದಲ್ಲಿ ಕಲ್ಯಾಣದ ಹೆಸರನ್ನು ಓದಿ, ರೈಲ್ವೆಯ ಫಲಕದ ಮೇಲೆಯೂ ಅದೇ ಹೆಸರನ್ನು ಕಾಣುವ ಮಗುವಿಗೆ ಹೀಗೆ ತೋರುವುದು ಸಹಜ. ಕೇಳಿದ ಕನ್ನಡಿಗರಿಗೂ ಒಳಗೊಳಗೆ ಹಿತವೆನಿಸುತ್ತದೆ.

ಹೇಳದೆ ಬಿಟ್ಟ ಮಾತು ಇಲ್ಲಿ ಯಾವುದು? ‘ಒಂದೇ ಹೆಸರುಳ್ಳ ಊರುಗಳೆಲ್ಲ ಒಂದೇ ಊರು’ ಎಂಬುದು. ಅದನ್ನು ಬಾಯಿಬಿಟ್ಟು ಹೇಳಿದೊಡನೆ ಹುಡುಗನಿಗೇ ನಗು ಬರುವುದು. ದಖ್ಖನಿನಲ್ಲೊಂದು ಹೈದರಾಬಾದಿದೆ, ಸಿಂಧಿನಲ್ಲೊಂದಿದೆ. ಆದಿಲಶಾಹಿಗಳ ಬಿಜಾಪುರಕ್ಕೆ ಇಂದು ವಿಜಯಪುರವೆಂದು ಹೆಸರು. ದೇವನಹಳ್ಳಿ ತಾಲೂಕಿನಲ್ಲಿಯೂ ಒಂದು ವಿಜಯಪುರವಿದೆ. ಹೆಸರು ಒಂದಾದ ಮಾತ್ರಕ್ಕೆ ಊರು ಒಂದಾಗುವುದಿಲ್ಲ. ಇಂಥ ಹೇತುವಿಗೆ, ಎಂದರೆ ಸಾಧ್ಯವಿದ್ದಲ್ಲಿಯೂ ಇಲ್ಲದಲ್ಲಿಯೂ ಸಮನಾಗಿ ಕಾಣಿಸಿಕೊಳ್ಳುವ ಹೇತುವಿಗೆ, ನೈಯಾಯಿಕರು ಸವ್ಯಭಿಚಾರವೆಂದು ಹೆಸರಿಟ್ಟರು. ಹೇತುವಿನಂತೆ ತೋರಿ ಹೇತುವಲ್ಲದಿರುವ ಹೇತ್ವಾಭಾಸಗಳಲ್ಲಿ ಅದೊಂದು.

ಸಂಗತಿಯೇನೆಂದರೆ, ಬಸವಣ್ಣನವರ ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯರ ಮೊದಲನೆಯ ಸೋಮೇಶ್ವರನು 11ನೆಯ ಶತಮಾನದಲ್ಲಿ ಅದನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. 12ನೆಯ ಶತಮಾನದಲ್ಲಿ ಅಲ್ಲಿ ಬಿಜ್ಜಳನು ಆಳುತ್ತಿದ್ದಾಗ ಬಸವಣ್ಣನವರು ಭಂಡಾರಿಗಳಾಗಿದ್ದರು. ನಮ್ಮ ಕಲ್ಯಾಣದಿಂದ ಅದು ಗೆರೆ ಎಳೆದಂತೆ ಅಳೆದರೂ 400 ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಕಲ್ಯಾಣವಾದರೋ ಉಲ್ಲಾಸ ನದಿಯ ದಡದ ಹಳೆಯ ಬಂದರು. ಕ್ರಿಸ್ತಶಕ 1ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಪೆರಿಪ್ಲಸ್’ ಎಂಬ ಕಡಲಯಾನದ ಕೈಪಿಡಿಯಲ್ಲಿ ಸೋಪಾರದೊಡನೆ ಇದರ ಹೆಸರೂ ಬಂದಿದೆ. ಸೋಮೇಶ್ವರನ ರಾಜಧಾನಿ ತಲೆಯೆತ್ತುವುದಕ್ಕೆ ಸುಮಾರು ಸಾವಿರ ವರ್ಷ ಮೊದಲೇ ಇಲ್ಲಿಗೆ ಹಡಗುಗಳು ಬರುತ್ತಿದ್ದವು. ಆದುದರಿಂದ ಹುಡುಗನ ಮಾತು ಬಿದ್ದುಹೋಯಿತು.

ಈಗ ಅವನ ಗೆಳೆಯನು ಜಂಬದಿಂದ ಹೇಳುತ್ತಾನೆ: “ನೋಡು, ನಿನ್ನ ವಾದ ಸುಳ್ಳಾಯಿತು. ಅಂದಮೇಲೆ ಕನ್ನಡ ನಾಡಿಗೂ ಈ ಊರುಗಳಿಗೂ ಹಿಂದೆ ಯಾವ ಸಂಬಂಧವೂ ಇರಲಿಲ್ಲ. ಕನ್ನಡಿಗರು ನಿನ್ನೆ ಮೊನ್ನೆ ರೈಲಿನಲ್ಲಿ ಬಂದಿಳಿದವರು.”

ವಾಚಕರು ಇಲ್ಲಿ ಎಚ್ಚರದಿಂದಿರಬೇಕು. ಈ ಎರಡನೆಯ ವಾದವು ಮೊದಲನೆಯದಕ್ಕಿಂತ ಜಾಣತನದ್ದೆಂದು ತೋರುತ್ತದೆ; ಏಕೆಂದರೆ ಅದು ಒಂದು ತಪ್ಪನ್ನು ಹಿಡಿದು ಬಂದಿದೆ. ಆದರೆ ಒಬ್ಬನು ಕೊಟ್ಟ ಕಾರಣವು ಕೆಟ್ಟದ್ದಾಗಿದ್ದರೆ ಅವನ ನಿರ್ಣಯವು ಸುಳ್ಳೆಂದು ಸಾಧಿಸಿದಂತಾಗುವುದಿಲ್ಲ. ಆ ನಿರ್ಣಯಕ್ಕೆ ಆ ಕಾರಣವು ಆಧಾರವಲ್ಲವೆಂದು ಮಾತ್ರ ಗೊತ್ತಾಯಿತು. ಪಾರಸಿಕ ಬೆಟ್ಟದ ಮೇಲೆ ಕಂಡದ್ದು ಮಂಜೇ ಆಗಿರಲಿ. ಬೆಟ್ಟದ ಆಚೆಯ ಮಗ್ಗುಲಿನಲ್ಲಿ ಯಾರೋ ಕಸಕ್ಕೆ ಬೆಂಕಿಯಿಟ್ಟಿರಲೂಬಹುದು. ಅದು ಬೇರೆಯೇ ವಿಚಾರಣೆ. ಮಾತಿನ ಬಿಸಿಯಲ್ಲಿ ಈ ಭೇದವನ್ನು ಮರೆಯದವರು ತೀರ ವಿರಳ. ಎದುರಾಳಿಯ ಕಾರಣ ಬಿದ್ದೊಡನೆ ತಮ್ಮ ಪಕ್ಷ ಗೆದ್ದಿತೆಂದು ಬಹುಮಂದಿ ಎದ್ದು ನಡೆದುಬಿಡುತ್ತಾರೆ.

ಪ್ರಸ್ತುತ ವಿಷಯದಲ್ಲಿ ಸಂಬಂಧವು ನಿಜವಾಗಿಯೂ ಇದ್ದಿತು. ಬೋರಿವಲಿಗೂ ಥಾಣೆಗೂ ನಡುವೆ ಹಬ್ಬಿರುವ ಕಾಡಿನಲ್ಲಿ ಕಾನ್ಹೇರಿಯ ಬೌದ್ಧ ಗುಹೆಗಳಿವೆ. ಅಲ್ಲಿ 9ನೆಯ ಶತಮಾನದ ಶಾಸನಗಳು ಕೆಲವಿವೆ. ಅವುಗಳಲ್ಲೊಂದು ಶಕ 799ರದು, ಎಂದರೆ ಕ್ರಿ.ಶ. 877ರದು. ಆಗ ಉತ್ತರ ಕೊಂಕಣವನ್ನು ಶಿಲಾಹಾರ ಮನೆತನದ ಕಪರ್ದಿಯು ಆಳುತ್ತಿದ್ದನು. ಅವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಸಾಮಂತ. ಆ ಅಮೋಘವರ್ಷನೇ ನಮ್ಮ ನೃಪತುಂಗ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಅವನ ರಾಜಧಾನಿಯಿದ್ದಿತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದಾದ ‘ಕವಿರಾಜಮಾರ್ಗ’ವು ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಥಾಣೆಯ ಹಿಂಬದಿಯ ಗುಡ್ಡಗಳಲ್ಲಿ ಕುಳಿತು ಧ್ಯಾನಮಾಡುತ್ತಿದ್ದ ಭಿಕ್ಷುಗಳಿಗೆ ಸಂದ ದಾನದ ಬರಹದಲ್ಲಿ, ಕನ್ನಡ ಶಾಲೆಯ ಮಕ್ಕಳೆಲ್ಲರೂ ಬಲ್ಲ ಈ ದೊರೆಯ ಹೆಸರು ಕೆತ್ತಲ್ಪಟ್ಟಿದೆ. ಎಂದಮೇಲೆ ‘ಯಾವ ಸಂಬಂಧವೂ ಇರಲಿಲ್ಲ’ವೆಂಬ ಗೆಳೆಯನ ಮಾತೂ ಬಿದ್ದಿತು.

ಇದನ್ನು ಕೇಳಿ ಮೊದಲನೆಯ ಹುಡುಗನು ಕುಣಿದಾಡಿ, “ಹಾಗಾದರೆ ಈ ನಾಡು ಕನ್ನಡದ್ದೆಂದು ನಾನು ಹೇಳಿದ್ದೇ ಸರಿ!” ಎಂದರೆ? ಅವಸರಪಡಬಾರದು. ಆ ಶಾಸನದ ಭಾಷೆ ಸಂಸ್ಕೃತ. ಅರಸನು ಎಲ್ಲಿಯವನೋ ಅವನ ಪ್ರಜೆಗಳ ಮಾತೂ ಅಲ್ಲಿಯದೇ ಆಗಿರಬೇಕೆಂಬ ನಿಯಮವಿಲ್ಲ. ರಾಷ್ಟ್ರಕೂಟರ ಆಳಿಕೆ ಗುಜರಾತಿನಲ್ಲಿಯೂ ಇದ್ದಿತು. ಇಷ್ಟೆಲ್ಲ ಹೋದಮೇಲೆ ಕೈಯಲ್ಲಿ ಉಳಿಯುವುದು ಒಂದು ಸಣ್ಣ ಸಂಗತಿ: 9ನೆಯ ಶತಮಾನದಲ್ಲಿ ಈ ಪ್ರದೇಶವು ಮಳಖೇಡದ ಚಕ್ರವರ್ತಿಯ ಅಧಿರಾಜ್ಯಕ್ಕೆ ಒಳಪಟ್ಟಿತ್ತು. ಹುಡುಗನು ಮೊದಲು ಬಯಸಿದ್ದಕ್ಕಿಂತ ಇದು ಚಿಕ್ಕದು. ಗೆಳೆಯನು ಒಪ್ಪಲು ಸಿದ್ಧನಿದ್ದುದಕ್ಕಿಂತ ದೊಡ್ಡದು. ವಾದಗಳನ್ನು ತೂಗಿದಾಗ ಬಹಳ ಸಲ ಹೀಗೆಯೇ ಆಗುತ್ತದೆ, ಆದುದರಿಂದ ಇಬ್ಬರಿಗೂ ಪೂರ್ಣ ಸಂತೋಷವಾಗುವುದಿಲ್ಲ.

ಇಷ್ಟಾಗಿ, ಹೆಸರೊಂದನ್ನೇ ಹಿಡಿದ ಆ ಮೊದಲನೆಯ ವಾದವು ನಮ್ಮ ಕಿವಿಗೆ ಅಷ್ಟೊಂದು ಇಂಪಾಗಿ ಕೇಳಿದ್ದೇಕೆ? ಅದೇ ಹುಡುಗನಿಗೆ ಬೇರೊಬ್ಬನು, “ದಖ್ಖನಿನ ಹೈದರಾಬಾದೂ ಸಿಂಧಿನ ಹೈದರಾಬಾದೂ ಒಂದೇ” ಎಂದಿದ್ದರೆ ಕ್ಷಣಮಾತ್ರದಲ್ಲಿ ತಪ್ಪನ್ನು ಹಿಡಿಯುತ್ತಿದ್ದನಲ್ಲವೆ? ಬುದ್ಧಿ ಸಾಲದೆ ಹೋದದ್ದಲ್ಲ. ನಿರ್ಣಯವು ಮೆಚ್ಚುಗೆಯಾದುದರಿಂದ ಕಾರಣದ ಕಡೆಗೆ ಕಣ್ಣು ಹೋಗಲಿಲ್ಲ.

ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರಾದ ಇವಾನ್ಸ್, ಬಾರ್ಸ್ಟನ್, ಪೊಲಾರ್ಡ್ ಎಂಬವರು 1983ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಇದನ್ನೇ ಅಂಕೆಗಳಲ್ಲಿ ತೋರಿಸಿವೆ. ಅವರು ಜನರಿಗೆ ಕೆಲವು ವಾದಗಳನ್ನು ಕೊಟ್ಟು, ನಿರ್ಣಯವು ದಿಟವೇ ಎಂಬುದನ್ನು ನೋಡಬೇಡಿ, ಕೊಟ್ಟ ಮಾತುಗಳಿಂದ ಅದು ಹೊರಡುತ್ತದೆಯೇ ಎಂಬುದನ್ನು ಮಾತ್ರ ಹೇಳಿ ಎಂದು ಕೇಳಿದರು. ನಿರ್ಣಯವು ನಂಬತಕ್ಕದ್ದಾಗಿದ್ದಾಗ, ತರ್ಕದಲ್ಲಿ ಕೆಟ್ಟ ವಾದವನ್ನೂ 100ಕ್ಕೆ 71ರಷ್ಟು ಸಲ ಒಪ್ಪಿಕೊಂಡರು. ಅದೇ ಬಗೆಯ ಕೆಟ್ಟ ವಾದದ ನಿರ್ಣಯವು ನಂಬಲಾಗದ್ದಾಗಿದ್ದಾಗ ಒಪ್ಪಿದ್ದು 100ಕ್ಕೆ 10ರಷ್ಟು ಮಾತ್ರ. ಇನ್ನೊಂದು ಮಗ್ಗುಲಿನಿಂದ ನೋಡಿದರೆ, ತರ್ಕದಲ್ಲಿ ಸರಿಯಾಗಿದ್ದ ವಾದವನ್ನು ಸಹ, ನಿರ್ಣಯವು ನಂಬಲಾಗದ್ದೆಂಬ ಕಾರಣದಿಂದ ಅರ್ಧಕ್ಕೆ ಹತ್ತಿರದಷ್ಟು ಸಲ ತಳ್ಳಿಹಾಕಿದರು. ಎತ್ತನ್ನು ಕೊಟ್ಟಿಗೆಗೆ ಕಟ್ಟುವವನೂ ಮೊಲದ ಕಾಲನ್ನೆಣಿಸದವನೂ ಒಬ್ಬನೇ ಆಗುವುದು ಹೀಗೆ. ಒಪ್ಪಿಗೆಯಾದ ನಿರ್ಣಯವಿದ್ದಲ್ಲಿ ಅವನು ಮೊದಲನೆಯವನು, ಒಪ್ಪಿಗೆಯಾಗದಲ್ಲಿ ಎರಡನೆಯವನು.

ಇನ್ನೊಂದು ಪರೀಕ್ಷೆಯನ್ನು ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದು. ಪೀಟರ್ ವೇಸನ್ ಎಂಬ ವಿದ್ವಾಂಸರು 1966ರಲ್ಲಿ ಇದನ್ನು ಬೆಳಕಿಗೆ ತಂದರು. ನಾವು ಕನ್ನಡಕ್ಕೆ ಹೊಂದುವಂತೆ ಅಕ್ಷರಗಳನ್ನು ಬದಲಿಸಿದ್ದೇವೆ. ಮೇಜಿನ ಮೇಲೆ ನಾಲ್ಕು ಕಾಗದದ ಚೀಟಿಗಳಿವೆ. ಪ್ರತಿಯೊಂದರ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕೆ. ನಮಗೆ ಕಾಣುವ ಬದಿಗಳು ಇವು: ಅ, ಕ, 4, 7. ‘ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆಯಿದೆ’ ಎಂಬುದು ನಿಯಮ. ಅದು ದಿಟವೋ ಸುಳ್ಳೋ ತಿಳಿಯಲು ಯಾವ ಯಾವ ಚೀಟಿಗಳನ್ನು ತಿರುವಿ ನೋಡಲೇಬೇಕು? ಮುಂದೆ ಓದುವ ಮೊದಲು ಒಂದು ಗಳಿಗೆ ಯೋಚಿಸಿರಿ.

ಹೆಚ್ಚಿನವರು ‘ಅ’ ಮತ್ತು ‘4’ ಎನ್ನುತ್ತಾರೆ. ಸರಿಯಾದ ಉತ್ತರವು ‘ಅ’ ಮತ್ತು ‘7’. ನಾಲ್ಕರ ಹಿಂದೆ ಸ್ವರವಿರಲಿ ವ್ಯಂಜನವಿರಲಿ, ನಿಯಮಕ್ಕೆ ಭಂಗವಿಲ್ಲ. ಏಳರ ಹಿಂದೆ ಸ್ವರವಿದ್ದರೆ ಮಾತ್ರ ನಿಯಮವು ಮುರಿದುಬೀಳುತ್ತದೆ. ಹತ್ತು ಮಂದಿಯಲ್ಲಿ ಸರಿಯಾಗಿ ಹೇಳುವವರು ಒಬ್ಬರು ಸಿಕ್ಕುವುದೂ ಕಷ್ಟ.

ಈಗ ಅದೇ ಪ್ರಶ್ನೆಯನ್ನು ನಮ್ಮ ಲೋಕಲ್ ಗಾಡಿಗೆ ಹತ್ತಿಸೋಣ. ‘ಮೊದಲನೆಯ ದರ್ಜೆಯ ಡಬ್ಬಿಯಲ್ಲಿ ಕುಳಿತವನ ಬಳಿ ಮೊದಲನೆಯ ದರ್ಜೆಯ ಪಾಸು ಇರಬೇಕು’ ಎಂಬುದು ನಿಯಮ. ನಾಲ್ವರಿದ್ದಾರೆ. ಒಬ್ಬನು ಮೊದಲನೆಯ ದರ್ಜೆಯ ಡಬ್ಬಿಯಿಂದ ಇಳಿದನು, ಒಬ್ಬನು ಎರಡನೆಯದರಿಂದ ಇಳಿದನು. ಇವರ ಪಾಸು ಯಾವುದೋ ತಿಳಿಯದು. ಮೂರನೆಯವನ ಕೈಯಲ್ಲಿ ಮೊದಲನೆಯ ದರ್ಜೆಯ ಪಾಸಿದೆ, ನಾಲ್ಕನೆಯವನ ಕೈಯಲ್ಲಿ ಎರಡನೆಯ ದರ್ಜೆಯದು. ಇವರು ಯಾವ ಡಬ್ಬಿಯಿಂದ ಇಳಿದರೋ ತಿಳಿಯದು. ಟಿ.ಸಿ. ಯಾರನ್ನು ವಿಚಾರಿಸಬೇಕು? ಡೊಂಬಿವಲಿಯ ಯಾವ ಮಗುವೂ ತಡವರಿಸದೆ ಹೇಳುತ್ತದೆ: ಮೊದಲನೆಯವನನ್ನು ಮತ್ತು ನಾಲ್ಕನೆಯವನನ್ನು. ದುಬಾರಿಯ ಪಾಸುಳ್ಳವನು ಎಲ್ಲಿ ಕುಳಿತರೂ ಅಪರಾಧವಿಲ್ಲ. ತರ್ಕದ ಆಕಾರ ಎರಡು ಪ್ರಶ್ನೆಗಳಲ್ಲಿಯೂ ಒಂದೇ. ಅಮೇರಿಕದಲ್ಲಿ 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬವರು ಮದ್ಯಪಾನದ ವಯೋಮಿತಿಯ ನಿಯಮವನ್ನಿಟ್ಟು ಇದೇ ಬಗೆಯಲ್ಲಿ ಪರೀಕ್ಷಿಸಿದಾಗ ಮುಕ್ಕಾಲು ಪಾಲಿನಷ್ಟು ಜನ ಸರಿಯಾಗಿ ಉತ್ತರಿಸಿದರು.

ಇದರಿಂದ ತಿಳಿಯುವುದೇನು? ತಪ್ಪುಗಾರನನ್ನು ಹಿಡಿಯಬೇಕೆಂದಾಗ ನಾವು ಏಳನ್ನು ತಿರುವುತ್ತೇವೆ. ನಮ್ಮ ಮಾತಿಗೆ ಬೆಂಬಲ ಬೇಕೆಂದಾಗ ನಾಲ್ಕನ್ನೇ ತಿರುವುತ್ತ ಕೂರುತ್ತೇವೆ. ಕಲ್ಯಾಣದ ಹುಡುಗನು ಬಸವಣ್ಣನವರ ಪಾಠವನ್ನು ಮತ್ತೆ ಮತ್ತೆ ತೆರೆದು ‘ಕಲ್ಯಾಣ’ವೆಂಬ ಮಾತು ಬಂದಲ್ಲೆಲ್ಲ ಗೆರೆಯೆಳೆದರೂ ಅದು ನಾಲ್ಕರ ಚೀಟಿಯೇ. ಭೂಪಟವನ್ನು ಬಿಡಿಸಿ, ಈ ಹೆಸರಿನ ಊರು ಇನ್ನೊಂದಿದೆಯೇ ಎಂದು ನೋಡುವುದು ಏಳರ ಚೀಟಿ.

ಮಾತುಗಳ ಅರ್ಥವು ಜಾರುವುದರಿಂದಲೂ ವಾದವು ಕೆಡುತ್ತದೆ. ಒಬ್ಬನು ‘ನವಕಂಬಲ’ ಹೊದ್ದಿದ್ದಾನೆ, ಅಂದರೆ ಹೊಸ ಕಂಬಳಿ ಹೊದ್ದಿದ್ದಾನೆ ಎಂದರೆ, ಎದುರಾಳಿಯು ‘ನವ’ ಶಬ್ದಕ್ಕೆ ಒಂಬತ್ತೆಂಬ ಅರ್ಥವನ್ನು ಹಚ್ಚಿ, “ಎಲ್ಲಿವೆ ಒಂಬತ್ತು ಕಂಬಳಿಗಳು? ಒಂದೇ ಇದೆಯಲ್ಲ!” ಎಂದು ಕೇಳುವುದಕ್ಕೆ ವಾಕ್‌ಛಲವೆಂದು ಹೆಸರು. ನ್ಯಾಯಸೂತ್ರಗಳ ಭಾಷ್ಯಕಾರನಾದ ವಾತ್ಸ್ಯಾಯನನ ಉದಾಹರಣೆಯಿದು. ಅಲ್ಲಿ ಎದುರಾಳಿಯು ಬೇಕೆಂದೇ ತಿರುಚುತ್ತಾನೆ. ನಮ್ಮ ಕಡೆಯ ಮಕ್ಕಳ ವಿಷಯದಲ್ಲಿ ಯಾರೂ ತಿರುಚದೆಯೇ ತಿರುಚಿಹೋಗುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಅಂಗಡಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ. ಪ್ರೇಮಚಂದರು ಉಪನ್ಯಾಸ ಬರೆದರೆಂದು ಹಿಂದಿಯ ಗುರುಗಳು ಹೇಳಿದರೆ ಕಾದಂಬರಿ ಬರೆದರೆಂದರ್ಥ. ನಮ್ಮಲ್ಲಿ ಉಪನ್ಯಾಸವನ್ನು ವೇದಿಕೆಯ ಮೇಲೆ ಮಾಡುತ್ತಾರೆ. ಹಿಂದಿಯವರಿಗೆ ‘ಅವಸರ’ವೆಂದರೆ ಅವಕಾಶ, ನಮಗೆ ಆತುರ. ಅವರಿಗೆ ‘ಶಿಕ್ಷಾ’ ಎಂದರೆ ವಿದ್ಯೆ. ನಮ್ಮ ಶಿಕ್ಷೆಯನ್ನು ಯಾವ ಹುಡುಗನೂ ವಿದ್ಯೆಯೆಂದು ಒಪ್ಪಲಾರನು. ಒಂದೇ ಶಬ್ದವನ್ನು ಹಿಡಿದು ಇಬ್ಬರು ಗೆಳೆಯರು ಅರ್ಧ ಗಂಟೆ ಜಗಳವಾಡಿ, ಕೊನೆಗೆ ಇಬ್ಬರೂ ಹೇಳಿದ್ದು ಬೇರೆ ಬೇರೆಯೆಂದು ತಿಳಿಯುವುದುಂಟು.

‘ನವ’ದ ಮಾತು ಬಂದುದರಿಂದ ನವಿ ಮುಂಬಯಿಯ ಒಂದು ವಾದವನ್ನೂ ನೋಡಿಬಿಡೋಣ. ಅದು ಹೊಸ ನಗರ, 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಕಟ್ಟಿದ್ದು, ಆದುದರಿಂದ ಅಲ್ಲಿ ಹಳೆಯದೇನೂ ಇಲ್ಲವೆಂದು ಕೆಲವರೆನ್ನುವರು. ನಗರ ಹೊಸದು, ನಿಜ. ಆದರೆ ಬೇಲಾಪುರದ ಕೋಟೆಯೂ ಆಗ್ರಿ ಮತ್ತು ಕೋಳಿ ಜನರ ಊರುಗಳೂ ಸಿಡ್ಕೋಗಿಂತ ಎಷ್ಟೋ ಹಿಂದಿನವು. ಇಡಿಯ ಗುಣವನ್ನು ಬಿಡಿಗೆ ಹಚ್ಚಿದ್ದರ ಫಲವಿದು.

ಈ ಸಣ್ಣಪುಟ್ಟ ಉದಾಹರಣೆಗಳಿಂದ ಯಾರಿಗೂ ನಷ್ಟವಿಲ್ಲ. ಆದರೆ ನಮ್ಮ ಶಾಲೆಗಳ ಅಳಿವು ಉಳಿವಿನ ಪ್ರಶ್ನೆಯೂ ಇಂಥ ಮಾತುಕತೆಗಳಲ್ಲಿಯೇ ತೀರ್ಮಾನವಾಗುತ್ತಿದೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂಬುದನ್ನು ತಾಯಿತಂದೆಗಳು ನೆರೆಯವರೊಡನೆ ಹತ್ತು ನಿಮಿಷ ಮಾತಾಡಿ ನಿಶ್ಚಯಿಸುತ್ತಾರೆ. ಅಲ್ಲಿ ಕೇಳಿಬರುವ ವಾದವಿದು: “ಕನ್ನಡ ಮಾಧ್ಯಮದಲ್ಲಿ ಓದಿದ ಪಕ್ಕದ ಮನೆಯ ಹುಡುಗನಿಗೆ ಕಾಲೇಜಿಗೆ ಹೋದಾಗ ಇಂಗ್ಲಿಷ್ ಕಷ್ಟವಾಯಿತಂತೆ. ನಮ್ಮ ಮಗುವಿಗೆ ಅದು ಬೇಡ.”

ಇದನ್ನು ಕೇಳಿದೊಡನೆ ನಮಗೆ ರೋಷ ಬರುತ್ತದೆ. ರೋಷ ಬಂದಾಗ ಏಳರ ಚೀಟಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಒಬ್ಬ ಹುಡುಗನ ಕಷ್ಟವು ಎಲ್ಲರ ಕಷ್ಟವೇ? ಅದೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮದಿಂದ ಬಂದು ತಿಣುಕಿದವರು ಇರಲಿಲ್ಲವೆ? ಕಷ್ಟವು ಆರು ತಿಂಗಳಿದ್ದಿತೋ, ಆರು ವರ್ಷವೋ? ಕಾಲೇಜಿನ ಮೊದಲ ವರ್ಷ ಸುಲಭವಾಗುವುದೊಂದೇ ಶಾಲೆಯ ಗುರಿಯೆಂದು ಯಾರು ಹೇಳಿದರು? ಪ್ರಶ್ನೆಗಳೆಲ್ಲವೂ ಸರಿಯಾದವೇ.

ಆದರೆ ನಮ್ಮವರು ಕೊಡುವ ಉತ್ತರವಾದರೂ ಎಂಥದು? “ಇಂಥ ದೊಡ್ಡ ವಿಜ್ಞಾನಿಗಳು, ಇಂಥ ಸಾಹಿತಿಗಳು ಕನ್ನಡ ಶಾಲೆಯಲ್ಲಿಯೇ ಓದಿದವರು, ಆದುದರಿಂದ ಕನ್ನಡ ಮಾಧ್ಯಮವೇ ಶ್ರೇಷ್ಠ.” ಪಕ್ಕದ ಮನೆಯ ಒಬ್ಬ ಹುಡುಗನಿಂದ ಹೊರಟ ವಾದಕ್ಕೂ ದೂರದ ಒಬ್ಬ ವಿಜ್ಞಾನಿಯಿಂದ ಹೊರಟ ವಾದಕ್ಕೂ ಆಕಾರದಲ್ಲಿ ಭೇದವಿಲ್ಲ. ಮೊದಲನೆಯದನ್ನು ಹರಿದುಹಾಕಿದ ನಾವು ಎರಡನೆಯದಕ್ಕೆ ಚಪ್ಪಾಳೆ ತಟ್ಟುತ್ತೇವೆ. ಕನ್ನಡ ಶಾಲೆಗಳ ಪಕ್ಷವನ್ನು ಹಿಡಿಯಬೇಕಾದರೆ ಇದಕ್ಕಿಂತ ಗಟ್ಟಿಯಾದ ಕಾರಣಗಳು ಬೇಕು, ಮತ್ತು ಅವು ಇವೆ. ಮಗುವು ಮನೆಮಾತಿನಲ್ಲಿ ಓದು ಬರಹ ಕಲಿತಾಗ ಪಾಠದ ಅರ್ಥವನ್ನು ಬೇಗ ಗ್ರಹಿಸುತ್ತದೆಂಬುದು ಯುನೆಸ್ಕೋ ಸಂಸ್ಥೆಯು 1953ರಷ್ಟು ಹಿಂದೆಯೇ ತನ್ನ ವರದಿಯಲ್ಲಿ ಎತ್ತಿಹಿಡಿದ ಅಭಿಪ್ರಾಯ. ಇದನ್ನು ಆಡುವಾಗಲೂ ಒಂದು ಪ್ರಶ್ನೆಗೆ ಸಿದ್ಧರಾಗಿರಬೇಕು: ಡೊಂಬಿವಲಿಯಲ್ಲಿ ಹುಟ್ಟಿ, ಆಟದಲ್ಲಿ ಹಿಂದಿ ಮರಾಠಿಗಳನ್ನಾಡುತ್ತ ಬೆಳೆದ ಮಗುವಿನ ಮನೆಮಾತು ಯಾವುದು? ತುಳುವನ್ನಾಡುವ ಮನೆಗಳವರು ಈ ಪ್ರಶ್ನೆಯನ್ನು ಕೇಳದೆ ಬಿಡುವವರಲ್ಲ. ಅದಕ್ಕೆ ಉತ್ತರ ಹುಡುಕುವುದರಲ್ಲಿ ನಮ್ಮ ಪಕ್ಷವು ಗಟ್ಟಿಯಾಗುವುದೇ ಹೊರತು ಸೋಲುವುದಿಲ್ಲ.

ಇದೇ ಪ್ರಸಂಗದಲ್ಲಿ ಇನ್ನೊಂದು ಬಾಣವನ್ನು ಎಲ್ಲರೂ ಬಿಡುತ್ತಾರೆ. ನವೆಂಬರಿನ ರಾಜ್ಯೋತ್ಸವದ ವೇದಿಕೆಯ ಮೇಲೆ ಹಿರಿಯರೊಬ್ಬರು ಕನ್ನಡ ಶಾಲೆಗಳನ್ನುಳಿಸಿರೆಂದು ಮಾತಾಡುತ್ತಾರೆ. ಕೆಳಗೆ ಕುಳಿತವರು ಪಿಸುಗುಟ್ಟುತ್ತಾರೆ: “ಇವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗೇ ಹೋಗುವುದಲ್ಲವೆ?” ಹಿರಿಯರ ನಡೆಗೂ ನುಡಿಗೂ ಹೊಂದಿಕೆಯಿಲ್ಲವೆಂಬುದನ್ನು ಆ ಪಿಸುಮಾತು ತೋರಿಸುತ್ತದೆ. ಅವರು ಕೊಟ್ಟ ಕಾರಣಗಳು ಸುಳ್ಳೆಂಬುದನ್ನು ತೋರಿಸುವುದಿಲ್ಲ. ಕಾರಣವು ಯಾರ ಬಾಯಿಂದ ಬಂದರೂ ಅದನ್ನು ಅದರ ಬಲದಿಂದಲೇ ಅಳೆಯಬೇಕು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಅವರು ಕಾರಣವನ್ನೇ ಕೊಡದೆ, “ನನ್ನ ಮಾತನ್ನು ನಂಬಿ, ನಾನು ಕಂಡಿದ್ದೇನೆ” ಎಂದಿದ್ದರೆ ಅದು ಸಾಕ್ಷ್ಯ. ಶಾಸ್ತ್ರವು ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪುವುದು ಹೇಳುವವನು ಆಪ್ತನಾಗಿದ್ದಾಗ ಮಾತ್ರ. ಆಗ ಅವರು ಯಾರು, ಏನು ಮಾಡುತ್ತಾರೆ ಎಂಬ ವಿಚಾರಣೆಯು ನ್ಯಾಯವಾದದ್ದೇ. ಮಾತಿನ ಮಧ್ಯದಲ್ಲಿ ಕಾರಣ ಯಾವುದ, ಸಾಕ್ಷ್ಯ ಯಾವುದು ಎಂದು ಬಿಡಿಸುವುದು ಸುಲಭವಲ್ಲ.

ಪ್ರಾಚೀನರು ಸಂವಾದಗಳಲ್ಲಿ ಮೂರು ಬಗೆಗಳನ್ನು ಹೇಳಿದರು. ತತ್ತ್ವವನ್ನು ತಿಳಿಯಲು ನಡೆಸುವುದು ವಾದ; ಗೆಲ್ಲಲು ನಡೆಸುವುದು ಜಲ್ಪ; ತನ್ನ ಪಕ್ಷವೆಂಬುದನ್ನೇ ಇಡದೆ ಬರೀ ಖಂಡಿಸುವುದು ವಿತಂಡ. ಮೂರನೆಯ ಹೆಸರೊಂದೇ ನಮ್ಮ ಬಳಕೆಯಲ್ಲಿ ಗಟ್ಟಿಯಾಗಿ ಉಳಿದುಬಂದಿದೆಯೆಂಬುದು ಗಮನಿಸತಕ್ಕ ಸಂಗತಿ! ವಿದ್ಯಾರ್ಥಿಗಳು ಮನೆಯ ಹಿರಿಯರೊಡನೆ ಮಾತಾಡುವಾಗ, “ನಿಮ್ಮದು ಹೇತ್ವಾಭಾಸ” ಎಂದರೆ ಕಿವಿ ಹಿಂಡಿಸಿಕೊಳ್ಳಬೇಕಾದೀತು. “ದೊಡ್ಡಪ್ಪ, ಆ ಶಾಸನ ಎಲ್ಲಿದೆ? ಯಾವ ಭಾಷೆಯಲ್ಲಿದೆ?” ಎಂದು ಕೇಳಿದರೆ ಅವರೂ ಯೋಚಿಸುತ್ತಾರೆ, ನಮಗೂ ಹೇಳದೆ ಬಿಟ್ಟ ಕಂಬವು ಕಾಣಿಸುತ್ತದೆ.

ಅಭ್ಯಾಸಕ್ಕಾಗಿ ಕೆಲವು ವಾದಗಳನ್ನು ಕೆಳಗೆ ಕೊಟ್ಟಿದ್ದೇವೆ. ಹೇಳದೆ ಬಿಟ್ಟ ಮಾತನ್ನು ಬರೆದು, ಕಾರಣವು ನಿಲ್ಲುವುದೋ ಬೀಳುವುದೋ ನೋಡಿರಿ. ಬಿದ್ದಲ್ಲಿ ನಿರ್ಣಯವೂ ಸುಳ್ಳೇ ಎಂಬುದನ್ನು ಬೇರೆಯಾಗಿ ವಿಚಾರಿಸಿರಿ.

ಒಂದು: ಕನ್ನಡದಲ್ಲಿ ಠಾಣೆಯೆಂದರೆ ಪೊಲೀಸರ ಕಚೇರಿ. ಆದುದರಿಂದ ಥಾಣೆ ನಗರಕ್ಕೆ ಆ ಹೆಸರು ಬಂದದ್ದು ಅಲ್ಲಿದ್ದ ಪೊಲೀಸ್ ಕಚೇರಿಯಿಂದ. (ಶಿಲಾಹಾರರ ಕಾಲದ ಬರಹಗಳಲ್ಲಿ ಈ ಊರಿಗೆ ಸ್ಥಾನಕವೆಂಬ ಹೆಸರಿದೆ.)

ಎರಡು: ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ ಬಂದಿತು, ಮರುವರ್ಷ ಹಳಿಯು ಕಲ್ಯಾಣವನ್ನು ಮುಟ್ಟಿತು. ಆದುದರಿಂದ ಥಾಣೆಯೂ ಕಲ್ಯಾಣವೂ ರೈಲಿನಿಂದ ಹುಟ್ಟಿದ ಊರುಗಳು.

ಮೂರು: ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಇತ್ತೆಂದು ‘ಕವಿರಾಜಮಾರ್ಗ’ವು ಹೇಳುತ್ತದೆ. ಗೋದಾವರಿಯು ಹುಟ್ಟುವುದು ತ್ರ್ಯಂಬಕದಲ್ಲಿ. ಥಾಣೆಯು ತ್ರ್ಯಂಬಕಕ್ಕಿಂತ ದಕ್ಷಿಣದಲ್ಲಿದೆ. ಆದುದರಿಂದ ನೃಪತುಂಗನ ಕಾಲದಲ್ಲಿ ಥಾಣೆಯ ಜನರು ಕನ್ನಡವನ್ನಾಡುತ್ತಿದ್ದರು. (ಭೂಪಟವನ್ನು ಬಿಡಿಸಿ, ಸಹ್ಯಾದ್ರಿಯು ಇವೆರಡರ ನಡುವೆ ಎಲ್ಲಿ ಹಾದುಹೋಗುತ್ತದೆಂಬುದನ್ನು ಮೊದಲು ನೋಡಿರಿ.)